ಮಗಳ ಮಡಕೆ ಮತ್ತು 300 ರೂಪಾಯಿ: ಕರಕುಶಲ ಕೇಂದ್ರಕ್ಕೆ ಹೊರಟವರು ಓದಿಕೊಂಡು ಹೋಗಿ

ಹೋದ ತಿಂಗಳು ತುಮಕೂರಿನಿಂದ ಶಿರಾ ಕಡೆ ಹೋಗುವ ಹೆದ್ದಾರಿಯ ಪಕ್ಕದ ಒಂದು 'ಗ್ರಾಮೀಣ ಕಲೆ ಮತ್ತು ಕರಕುಶಲ ಕೇಂದ್ರ'ಕ್ಕೆ ಮನೆಮಂದಿಯೆಲ್ಲ ಹೋಗಿದ್ದೆವು. ಹೆಸರು ಬೇಡ. ಇಂಥವು ಈಗ ಎಲ್ಲ ರಸ್ತೆಗಳಲ್ಲೂ ಎದ್ದಿವೆ.

ತಲೆಗೆ 200 ರೂಪಾಯಿ ಟಿಕೆಟ್. ಅದು ಬರೀ ಒಳಗೆ ಕಾಲಿಡಲು ಅಂತ ಆಮೇಲೆ ತಿಳಿಯಿತು. ತಿಗರಿ (ಕುಂಬಾರರ ಚಕ್ರ) ಮುಟ್ಟಿದರೆ 350, ಎತ್ತಿನ ಗಾಡಿ ಹತ್ತಿದರೆ 100. ಮುದ್ದೆ ಊಟ ಚೆನ್ನಾಗಿತ್ತು, ಸುಳ್ಳು ಹೇಳಬಾರದು.

ಮಗ್ಗದ ಮನೆಯಲ್ಲಿ ಅರ್ಧ ನೇಯ್ದ ಕಂಬಳಿ, ಅದರ ಮೇಲೆ ಜೇಡರ ಬಲೆ. ನೇಯುವವರು ಎಲ್ಲಿ ಅಂದರೆ "ಊಟಕ್ಕೆ ಹೋಗಿದ್ದಾರೆ ಮೇಡಂ." ಬೆಳಿಗ್ಗೆ ಹನ್ನೊಂದಕ್ಕೂ ಅದೇ ಉತ್ತರ, ಮಧ್ಯಾಹ್ನ ಮೂರಕ್ಕೂ ಅದೇ.

ಅಂಗಡಿಯಲ್ಲಿ 2,800 ರೂಪಾಯಿಯ ಕಂಬಳಿಗೆ 'ಅಪ್ಪಟ ಕುರಿ ಉಣ್ಣೆ' ಎಂಬ ಚೀಟಿ. ನಮ್ಮ ತಾತ ಶಿರಾ ಸೀಮೆಯ ಕಂಬಳಿ ನೇಯುವ ಮನೆಯವರು. ಎರಡು ಬೆರಳಲ್ಲಿ ಉಜ್ಜಿ ನೋಡಿ ಕೆಳಗಿಟ್ಟರು. "ಇದು ಕುರಿ ಮುಖಾನೇ ನೋಡಿಲ್ಲ ಕಣಮ್ಮ." ನಮ್ಮ ಕಡೆಯ ಕಂಬಳಿ ಮೈಗೆ ಚುಚ್ಚುತ್ತದೆ. ನೂಲಿಗೆ ಹುಣಸೆ ಬೀಜದ ಗಂಜಿ ಹಾಕುವುದರಿಂದ ಹೊಸದು ಸೆಟೆದು ನಿಲ್ಲುತ್ತದೆ. ಇದು ಬೆಡ್‌ಶೀಟಿನ ಹಾಗೆ ಜಾರುತ್ತಿತ್ತು. ಅಂಚಿನಲ್ಲಿ ನೇತಾಡುತ್ತಿದ್ದ ಒಂದು ಎಳೆ ಕಿತ್ತು, ಹೊರಗೆ ಬಂದು ಕಡ್ಡಿ ಗೀರಿದರು. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾಗಬೇಕು. ಇದು ಕರಗಿ ಸಾಸಿವೆಯಷ್ಟು ಗಟ್ಟಿ ಗುಂಡಾಯಿತು.

ಅಷ್ಟರಲ್ಲಿ ನಾನು 640 ರೂಪಾಯಿ ಕೊಟ್ಟು 'ಚನ್ನಪಟ್ಟಣದ ಗೊಂಬೆ' ಕೊಂಡಾಗಿತ್ತು. ಮನೆಗೆ ಬಂದರೆ ಗಮ್ಮಂತ ಪೇಂಟಿನ ವಾಸನೆ, ಮಗುವಿನ ಒದ್ದೆ ಕೈಗೆ ಕೆಂಪು ಬಣ್ಣ. ಚನ್ನಪಟ್ಟಣದಲ್ಲಿ ಹಾಲೆ ಮರದ ತುಂಡು ಯಂತ್ರದ ಮೇಲೆ ತಿರುಗುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ, ಆಮೇಲೆ ಕೇದಗೆ ಗರಿಯಿಂದ ತಿಕ್ಕಿ ಹೊಳಪು ಕೊಡುತ್ತಾರೆ. ಪೇಂಟ್ ಡಬ್ಬಕ್ಕೆ ಅಲ್ಲಿ ಕೆಲಸವೇ ಇಲ್ಲ. ಕೊಳ್ಳುವ ಮುಂಚೆ ಮೂಸಿ ನೋಡಿ, ನಾಚಿಕೆ ಬೇಡ.

ಬಿಲ್ ಕೇಳಿದ್ದಕ್ಕೆ "ಪ್ರಿಂಟರ್ ಕೆಟ್ಟಿದೆ, ವಾಟ್ಸಾಪ್ ಮಾಡ್ತೀವಿ" ಅಂದರು. ಸ್ಕ್ಯಾನ್ ಮಾಡಿದರೆ ದುಡ್ಡು ಹೋಗಿದ್ದು ಯಾರದೋ ಸ್ವಂತ ಹೆಸರಿಗೆ. ನಾನು ಅಲ್ಲೇ ಜಗಳ ತೆಗೆಯಬೇಕಿತ್ತು. ಬಿಲ್ ಕೊಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರವೇ ತಪ್ಪು. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ನಿಮ್ಮ ಹತ್ತಿರ ಬಿಲ್ ಇದ್ದರೆ ನನಗಿಂತ ನಿಮ್ಮ ಕೆಲಸ ಸುಲಭ.

ಕೈಕೆಲಸವನ್ನೇ ನೋಡಬೇಕು ಅನ್ನುವವರು ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಶಿವಾರಪಟ್ಟಣಕ್ಕೆ ಹೋಗಿ. ಅದು ಕಲ್ಲು ಕೆತ್ತುವವರದೇ ಊರು. ಉಳಿ ಸದ್ದು ಕೇಳಿದ ಕಡೆ ನಿಂತು ಮಾತಾಡಿಸಿದರೆ ಆಯಿತು.

ಇನ್ನು ಮಡಕೆ ವಿಷಯ. ಅವತ್ತು ಅಲ್ಲಿ ನಿಜವಾಗಿ ಕಸುಬು ಗೊತ್ತಿದ್ದವರು ತಿಗರಿ ಮುಂದೆ ಕೂತಿದ್ದ ಯಜಮಾನರೊಬ್ಬರೇ. ಪಕ್ಕದ ಹಳ್ಳಿಯವರು, ಭಾನುವಾರ ಮಾತ್ರ ದಿನಗೂಲಿಗೆ ಬರುತ್ತಾರಂತೆ. ನನ್ನ ಏಳು ವರ್ಷದ ಮಗಳ ಕೈ ಹಿಡಿದು ಪುಟ್ಟ ಕುಡಿಕೆ ಎಬ್ಬಿಸಿದರು. ಕೊನೆಗೆ ಅವಳು ಹೆಬ್ಬೆರಳು ಒತ್ತಿ ಒಂದು ಕಡೆ ಸೊಟ್ಟ ಮಾಡಿದಳು. "ಇರ್ಲಿ ಬಿಡವ್ವ, ಇದು ನಿಂದೇ ಅಂತ ಗುರುತು" ಅಂದರು. ನನ್ನ ಕಡೆ ತಿರುಗಿ ಮೆಲ್ಲಗೆ, "ನೆರಳಲ್ಲಿ ಆರಬೇಕು, ಆಮೇಲೆ ಆವಿಗೇಲಿ ಬೇಯಬೇಕು. ಇಲ್ಲಿ ಆವಿಗೆ ಇಲ್ಲ ತಾಯಿ" ಅಂತಲೂ ಹೇಳಿದರು. ಆವಿಗೆ ಅಂದರೆ ಮಡಕೆ ಸುಡುವ ಗೂಡು.

ಅಷ್ಟು ಹೇಳಿದರೂ ನನಗೆ ತಲೆಗೆ ಹೋಗಲಿಲ್ಲ. ಕೌಂಟರಿನ ಹುಡುಗ ಸುಟ್ಟು ಕೊರಿಯರ್ ಮಾಡ್ತೀವಿ ಎಂದು 300 ಕೇಳಿದ, ಕೊಟ್ಟೆ. ಐದು ಸ್ಟಾರ್ ಒತ್ತಿ ತೋರಿಸಿದರೆ ಕೀಚೈನ್ ಫ್ರೀ ಅಂದ, ಅದನ್ನೂ ಒತ್ತಿದೆ. ಈಗ ಹೋಗಿ ಅಳಿಸಿದ್ದೇನೆ.

ಮೂರು ವಾರ ಫೋನ್ ಮಾಡಿ ಮಾಡಿ ಸಾಕಾದ ಮೇಲೆ ಪೊಟ್ಟಣ ಬಂತು. ಬಿಚ್ಚಿದರೆ ನುಣ್ಣಗೆ, ದುಂಡಗೆ, ಎರಡೂ ಪಕ್ಕ ಅಚ್ಚಿನ ಗೆರೆ ಇರುವ ಕುಡಿಕೆ. ಮಗಳು ಸುತ್ತ ಬೆರಳಾಡಿಸಿ ಹುಡುಕಿದಳು.

"ಅಮ್ಮಾ, ಇದು ನಂದಲ್ಲ. ನಂದು ಸೊಟ್ಟ ಇತ್ತು."