ಎಲೆ ಮೇಲಿನ ತಾಮ್ರ ಯಾರದ್ದು? ಆ್ಯಸಿಡ್ ದಾರಿ, ಲೇಸರ್ ದಾರಿ

ಸಕಲೇಶಪುರದ ನಮ್ಮ ತೋಟ ಹೆದ್ದಾರಿ 75ರ ಮಗ್ಗುಲಲ್ಲೇ ಇದೆ. ಮಳೆಗೆ ಮುಂಚೆ, ಎಲೆ ತುಕ್ಕು ರೋಗ ತಡೆಯಲು, ಕಾಫಿಗೆ ಮೈಲುತುತ್ತ-ಸುಣ್ಣ ಬೆರೆಸಿದ ಬೋರ್ಡೋ ಹೊಡೆದಾಗಿತ್ತು. ಎಲೆ ಮೇಲಿನ ಧೂಳು ತೋರಿಸಿ ಚಿಕ್ಕಪ್ಪ ಕೇಳಿದರು: "ಇದರಲ್ಲಿರೋ ತಾಮ್ರ ನಮ್ಮ ಮೈಲುತುತ್ತದ್ದೋ, ಲಾರಿ ಬ್ರೇಕಿಂದೋ? ನಿನ್ನ ಮಿಷಿನ್ ಹೇಳುತ್ತೇನೋ?" ರಸ್ತೆ ಬದಿ ಸಾಲಿಂದಲೂ ಒಳಗಿನ ಸಾಲಿಂದಲೂ ಬ್ರಷ್‌ನಲ್ಲಿ ಧೂಳು ಕೊಡವಿಕೊಂಡು, ಎರಡೆರಡು ಪಾಲು ಮಾಡಿ ಲ್ಯಾಬಿಗೆ ಒಯ್ದೆ.

ಮೊದಲ ಪಾಲು ಆ್ಯಸಿಡ್‌ನಲ್ಲಿ ಕರಗಿ ಐಸಿಪಿ-ಎಂಎಸ್‌ಗೆ ಹೋಯಿತು; ಬಿಸಿ ಪ್ಲಾಸ್ಮಾದಲ್ಲಿ ಪರಮಾಣು ಬಿಡಿಸಿ, ತೂಕದ ಮೇಲೆ ಧಾತು ಗುರುತಿಸಿ ಎಣಿಸುವ ಯಂತ್ರ ಅದು. ಮಣ್ಣಿನ ಸಿಲಿಕೇಟು ನೈಟ್ರಿಕ್ ಒಂದಕ್ಕೇ ಬಗ್ಗಲ್ಲ, ಹೈಡ್ರೋಫ್ಲೋರಿಕ್ ಬೇಕು. ಅದು ಚರ್ಮ ದಾಟಿ ಮೂಳೆಯ ಕ್ಯಾಲ್ಸಿಯಂಗೇ ಕೈ ಹಾಕುತ್ತೆ. ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಪಕ್ಕದಲ್ಲಿಲ್ಲದೆ ನಾನು ಆ ಮುಚ್ಚಳ ತೆಗೆಯಲ್ಲ. ಅಂಕಿ ಮಾತ್ರ ಗಟ್ಟಿ, ಮತ್ತೆ ಓಡಿಸಿದರೂ ಹೆಚ್ಚುಕಮ್ಮಿ ಅದೇ ಬಂತು. ಆದರೆ ಬ್ರೇಕು, ಬೋರ್ಡೋ, ಕೆಮ್ಮಣ್ಣು ಎಲ್ಲ ಒಂದೇ ಬಾಟಲಿಯಲ್ಲಿ ಸಾರಾಗಿತ್ತು. ತಾಮ್ರ ಎಷ್ಟಿದೆ ಗೊತ್ತಾಯ್ತು, ಯಾರದ್ದು ಅನ್ನೋದು ಗೊತ್ತಾಗಲಿಲ್ಲ.

ಎರಡನೇ ಪಾಲನ್ನು ಕಾರ್ಬನ್ ಟೇಪಿಗೆ ಅಂಟಿಸಿ, ಒಂದೊಂದೇ ಕಣ ಹುಡುಕಿ 213 ನ್ಯಾನೋಮೀಟರ್ ಲೇಸರ್ ಹೊಡೆದೆ. ಏಳುವ ಹೊಗೆಯನ್ನು ಹೀಲಿಯಂ ಅನಿಲ ಅದೇ ಯಂತ್ರದ ಆರ್ಗಾನ್ ಪ್ಲಾಸ್ಮಾಗೆ ಹೊತ್ತೊಯ್ಯುತ್ತದೆ. ಮೊದಲ ಏಟಿಗೇ ಕಣ ಮಾಯ! ಆವಿಯಾಗಿದ್ದಲ್ಲ, ಸಿಡಿದು ಹಾರಿಹೋಗಿದ್ದು. ಶಕ್ತಿ ಇಳಿಸಿದ ಮೇಲೆ ಕಣಗಳು ಜಾಗದಲ್ಲಿ ನಿಂತವು.

ನಮ್ಮದು ಕ್ವಾಡ್ರುಪೋಲ್ ಮಾದರಿಯ ಯಂತ್ರ, ಒಂದಾದ ಮೇಲೊಂದು ಧಾತು ಎಣಿಸುತ್ತದೆ. ಸಣ್ಣ ಕಣದ ಹೊಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತೆ, ಹಾಗಾಗಿ ಪಟ್ಟಿ ಗಿಡ್ಡವಿರಬೇಕು: ತಾಮ್ರ, ಬೇರಿಯಂ, ಆ್ಯಂಟಿಮನಿ, ಕ್ಯಾಲ್ಸಿಯಂ. ಕ್ಯಾಲ್ಸಿಯಂಗೆ ಹಲವು ಪರಮಾಣು ತೂಕಗಳಿವೆ: 40ರಲ್ಲಿ ಅದೇ ತೂಕದ ಆರ್ಗಾನ್ ಕೂತಿರುತ್ತೆ, 44ರಲ್ಲಿ ಟೇಪಿನ ಇಂಗಾಲ ಕಾರ್ಬನ್ ಡೈಆಕ್ಸೈಡ್ ಆಗಿ ಬಂದು ಕೂರುತ್ತೆ. ಕೊನೆಗೆ 43 ಹಿಡಿದೆ.

ರಸ್ತೆ ಬದಿಯ ಸಾಲಿನ ಕೆಲವು ಕಣಗಳಲ್ಲಿ ತಾಮ್ರ, ಬೇರಿಯಂ, ಆ್ಯಂಟಿಮನಿ ಮೂರೂ ಒಟ್ಟಿಗೆ ಎದ್ದವು. ಅದು ಬ್ರೇಕಿನ ಗುರುತು. ಒಳಗಿನ ಸಾಲಿನಲ್ಲಿ ತಾಮ್ರದ ಜೊತೆ ಕ್ಯಾಲ್ಸಿಯಂ ಮಾತ್ರ, ಅಂದರೆ ಮೈಲುತುತ್ತ ಮತ್ತು ಸುಣ್ಣ. ಆದರೆ ರಸ್ತೆ ಕಾಂಕ್ರೀಟಿನ ಧೂಳಲ್ಲೂ ಕ್ಯಾಲ್ಸಿಯಂ ಇದೆಯಲ್ಲ! ಪಟ್ಟಿಗೆ ಅಲ್ಯೂಮಿನಿಯಂ ಸೇರಿಸಿದ್ದರೆ ಸಿಮೆಂಟು ಬೇರೆ ಮಾಡಬಹುದಿತ್ತು, ಹೊಳೆಯಲೇ ಇಲ್ಲ. ಲೇಸರ್ ಕೊಡುವ ಪ್ರಮಾಣವನ್ನಂತೂ ನಾನು ನಂಬಲ್ಲ. ಹೋಲಿಸಿ ಅಳೆಯಲು ಇಟ್ಟಿದ್ದು ಪ್ರಮಾಣ ಗೊತ್ತಿರುವ ಗಾಜು, ಧೂಳು ಗಾಜಿನ ಥರ ಆವಿಯಾಗಲ್ಲ.

ಒಂದೇ ಆರಿಸು ಅಂದರೆ ಚಿಕ್ಕಪ್ಪನ ಪ್ರಶ್ನೆಗೆ ಲೇಸರ್ರೇ. ಸಂಶೋಧನಾ ಪೇಪರಿಗೆ ಅಂಕಿ ಬೇಕಾದರೆ ಆ್ಯಸಿಡ್.

ಎಲ್ಲ ಕೇಳಿ ಅವರು, "ಹಂಗಾದ್ರೆ ರಸ್ತೆ ಬದಿ ಸಾಲಿಗೆ ಬೋರ್ಡೋ ಕಮ್ಮಿ ಹೊಡೀಲಾ?" ಅಂದರು. "ಬೇಡ ಚಿಕ್ಕಪ್ಪ, ತುಕ್ಕು ಹತ್ತೋದು ಎಲೆಯ ತಳಭಾಗದಿಂದ, ಲಾರಿ ಅಲ್ಲಿಗೆ ಹೊಡೆಯಲ್ಲ" ಅಂದೆ.