ಬೆಳಗಾವಿಯ ದತ್ತು ಸಂಸ್ಥೆಯೊಂದರ ಸೇವೆ: ಸಂಸ್ಥೆಗೆ ಪೂರ್ಣ ಅಂಕ, ಪರವಾನಗಿ ನವೀಕರಣಕ್ಕೆ ಅಲ್ಲ

ಬೆಳಗಾವಿ ನಗರದಲ್ಲಿ ಸರ್ಕಾರದ ಮಾನ್ಯತೆ ಪಡೆದು ನಡೆಯುತ್ತಿರುವ ವಿಶೇಷ ದತ್ತು ಸಂಸ್ಥೆಯೊಂದರ ಮೂಲಕ ನಾನು ಮತ್ತು ನನ್ನ ಪತ್ನಿ ಹೆಣ್ಣು ಮಗುವನ್ನು ದತ್ತು ಪಡೆದಿದ್ದೇವೆ. ಬೈಲಹೊಂಗಲ, ಗೋಕಾಕ, ಚಿಕ್ಕೋಡಿ ಕಡೆಯಿಂದ ಇದೇ ಹಾದಿಯಲ್ಲಿ ಹೊರಡಲಿರುವ ಕುಟುಂಬಗಳಿಗೆ ಉಪಯೋಗವಾಗಲಿ ಎಂದು ಈ ವಿಮರ್ಶೆ ಬರೆಯುತ್ತಿದ್ದೇನೆ. ಮಗುವಿನ ಗುರುತು ಹೊರಬೀಳಬಾರದೆಂಬ ಕಾರಣಕ್ಕೆ ಸಂಸ್ಥೆಯ ಹೆಸರನ್ನು ಬರೆಯುವುದಿಲ್ಲ. ಸಂಸ್ಥೆಯ ಸಿಬ್ಬಂದಿಯ ಕೆಲಸಕ್ಕೆ ಐದಕ್ಕೆ ಐದು ಅಂಕ ಕೊಡುತ್ತೇನೆ. ಅದರ ಪರವಾನಗಿ ನವೀಕರಣ ನಡೆದ ರೀತಿಗೆ ಎರಡಕ್ಕಿಂತ ಹೆಚ್ಚು ಕೊಡಲು ಮನಸ್ಸು ಒಪ್ಪುವುದಿಲ್ಲ.

ಸಂಸ್ಥೆಯ ಕಚೇರಿಗೆ ಕಾಲಿಟ್ಟ ಕೂಡಲೇ ಕಾಣುವುದು ಗೋಡೆಗೆ ಹಾಕಿರುವ ಎರಡು ಪ್ರಮಾಣಪತ್ರಗಳು. 2015ರ ಬಾಲನ್ಯಾಯ ಕಾಯ್ದೆಯ 41ನೇ ಕಲಮಿನಡಿ ಮಕ್ಕಳ ಪಾಲನಾ ಸಂಸ್ಥೆಯಾಗಿ ಪಡೆದ ನೋಂದಣಿ ಒಂದು, 65ನೇ ಕಲಮಿನಡಿ ದತ್ತು ಸಂಸ್ಥೆಯೆಂದು ಪಡೆದ ಮಾನ್ಯತೆ ಇನ್ನೊಂದು. ಮಕ್ಕಳನ್ನು ಇಟ್ಟುಕೊಂಡು ಸಾಕುವ ಎಲ್ಲ ಆಶ್ರಮಗಳಿಗೂ ದತ್ತು ಕೊಡುವ ಅಧಿಕಾರವಿಲ್ಲವೆಂಬುದು ನಮ್ಮ ಭಾಗದಲ್ಲಿ ಬಹಳ ಜನರಿಗೆ ಗೊತ್ತಿಲ್ಲ. ಆದ್ದರಿಂದ ಎರಡೂ ಪತ್ರಗಳನ್ನು ಓದಿ, ಅವಧಿ ಎಂದಿಗೆ ಮುಗಿಯುತ್ತದೆಂದು ನೋಡಿಕೊಂಡೇ ಮುಂದಿನ ಮಾತು ಆಡುವುದು ಒಳ್ಳೆಯದು.

ಗೃಹ ಅಧ್ಯಯನಕ್ಕೆ, ಅಂದರೆ ದತ್ತು ಪಡೆಯುವವರ ಮನೆ ಮಗುವಿಗೆ ತಕ್ಕದ್ದೇ ಎಂದು ನೋಡುವ ಭೇಟಿಗೆ, ನಮ್ಮೂರಿಗೆ ಬಂದ ಸಮಾಜ ಕಾರ್ಯಕರ್ತೆಯ ಕೆಲಸವನ್ನು ವಿಶೇಷವಾಗಿ ಹೇಳಬೇಕು. ನಮ್ಮದು ಅವಿಭಕ್ತ ಕುಟುಂಬ. ಅವರು ನಮ್ಮಿಬ್ಬರನ್ನು ಮಾತ್ರ ಮಾತನಾಡಿಸಿ ಎದ್ದುಹೋಗಲಿಲ್ಲ. ನಮ್ಮ ಅವ್ವನನ್ನು ಬೇರೆ ಕೂರಿಸಿಕೊಂಡು ಕೇಳಿದರು, ತಮ್ಮನ ಹೆಂಡತಿಯನ್ನು ಕೇಳಿದರು, ಮನೆಯಲ್ಲಿರುವ ಮಕ್ಕಳೊಡನೆಯೂ ಆಡುತ್ತಾ ಮಾತನಾಡಿದರು. ಅಪ್ಪ ಕೊನೆಗೆ ಮನಸ್ಸಿನಲ್ಲಿದ್ದುದನ್ನು ಹೊರಹಾಕಿ, ಈ ಮಗುವಿಗೆ ಹೊಲದಲ್ಲಿ ಪಾಲು ಹೇಗೆ ಎಂದು ನೇರವಾಗಿ ಕೇಳಿದಾಗ, ಆಕೆ ಯಾವ ಮುಜುಗರವೂ ಇಲ್ಲದೆ 63ನೇ ಕಲಮಿನ ಅರ್ಥವನ್ನು ಬಿಡಿಸಿ ಹೇಳಿದರು: ದತ್ತು ಆದೇಶವಾದ ದಿನದಿಂದ ಮಗು ಎಲ್ಲ ವಿಷಯಗಳಲ್ಲೂ, ವಾರಸಿಕೆ ಸೇರಿದಂತೆ, ದತ್ತು ಪಡೆದವರ ಸ್ವಂತ ಮಗುವೇ. ಈ ಮಾತು ಮಗು ಮನೆಗೆ ಬರುವ ಮೊದಲೇ ಆಗಿದ್ದರಿಂದ ಎಷ್ಟೋ ಜಗಳಗಳು ಹುಟ್ಟುವ ಮುಂಚೆಯೇ ಮುಗಿದವು. 1824ರಲ್ಲಿ ಕಿತ್ತೂರಿನ ದತ್ತುಪುತ್ರ ಶಿವಲಿಂಗಪ್ಪನನ್ನು ಒಪ್ಪಲು ಧಾರವಾಡದ ಕಲೆಕ್ಟರ್ ಥ್ಯಾಕರೆ ನಿರಾಕರಿಸಿದ್ದರಿಂದ ಯುದ್ಧವೇ ನಡೆದ ನೆಲ ನಮ್ಮದು. ಅಂದಿನ ದತ್ತು ಸಂಸ್ಥಾನಕ್ಕೊಬ್ಬ ವಾರಸುದಾರನಿಗಾಗಿ. ಇಂದಿನ ಕಾನೂನು ಮೊದಲು ಕೇಳುವುದು ಈ ಮನೆಯಿಂದ ಮಗುವಿಗೆ ಒಳಿತೇ ಎಂದು. ಹಿರಿಯರಿಗೆ ಈ ವ್ಯತ್ಯಾಸವನ್ನು ತಾಳ್ಮೆಯಿಂದ ತಿಳಿಹೇಳುವವರು ಬೇಕಾಗುತ್ತಾರೆ, ಆ ತಾಳ್ಮೆ ಇವರಲ್ಲಿತ್ತು.

ಹಣದ ವ್ಯವಹಾರವೂ ಸ್ವಚ್ಛವಾಗಿದೆ. ಶುಲ್ಕವನ್ನು ದತ್ತು ನಿಯಮಾವಳಿಯೇ ನಿಗದಿಪಡಿಸಿದೆ, ಪ್ರತಿಯೊಂದಕ್ಕೂ ರಸೀದಿ ಸಿಕ್ಕಿತು. ಸಂತೋಷಕ್ಕೆಂದು ಒಂದಷ್ಟು ದೇಣಿಗೆ ಕೊಡಲು ಮುಂದಾದ ನಮ್ಮ ಮಾವನವರಿಗೆ ಅಲ್ಲಿಯ ಮೇಲ್ವಿಚಾರಕಿ, "ಬ್ಯಾಡ್ರೀ ಅಜ್ಜಾರ, ಕೂಸಿನ ಹೆಸರಿಲೆ ನಾವು ರೊಕ್ಕ ಮುಟ್ಟೂದಿಲ್ರಿ" ಎಂದು ಕೈಮುಗಿದರು.

ತಡವಾಗುತ್ತದೆ ಎಂಬ ದೂರನ್ನು ನಾನೂ ಬಹಳ ಕೇಳಿದ್ದೇನೆ. ಆದರೆ ಯಾವ ತಡ, ಯಾರಿಗಾಗಿ ಎಂಬುದನ್ನು ಬಿಡಿಸಿ ನೋಡಬೇಕು. ಹೆತ್ತವರು ತಾವಾಗಿ ಮಗುವನ್ನು ಒಪ್ಪಿಸಿದರೆ, ಮನಸ್ಸು ಬದಲಿಸಲು ಅವರಿಗೆ ಎರಡು ತಿಂಗಳ ಕಾಲಾವಕಾಶವಿದೆ. ತೊರೆದುಹೋದ ಮಗುವಾದರೆ ಹೆತ್ತವರನ್ನು ಹುಡುಕಬೇಕು. ಎರಡು ವರ್ಷದೊಳಗಿನ ಮಗುವಿಗೆ ಎರಡು ತಿಂಗಳು, ಅದಕ್ಕಿಂತ ದೊಡ್ಡ ಮಗುವಿಗೆ ನಾಲ್ಕು ತಿಂಗಳೊಳಗೆ, ಮಗುವನ್ನು ದತ್ತು ಕೊಡಬಹುದೇ ಎಂದು ಮಕ್ಕಳ ಕಲ್ಯಾಣ ಸಮಿತಿ ತೀರ್ಮಾನಿಸಬೇಕು. ಗಡಿ ಜಿಲ್ಲೆಯಾದ್ದರಿಂದ ಈ ಸಂಸ್ಥೆ ಕನ್ನಡ ಪತ್ರಿಕೆಗಳ ಜೊತೆಗೆ ಮರಾಠಿ ಪತ್ರಿಕೆಗಳಲ್ಲೂ ಪ್ರಕಟಣೆ ಕೊಡುತ್ತದೆ. ಕೊಲ್ಹಾಪುರ ಕಡೆಯ ಒಬ್ಬ ತಾಯಿಗೆ ತನ್ನ ಕೂಸು ಇಲ್ಲಿದೆಯೆಂದು ತಿಳಿಯುವ ದಾರಿ ಅದೊಂದೇ ಇರಬಹುದು. ಈ ಕಾಯುವಿಕೆಯನ್ನು ತಪ್ಪಿಸಲು ಯಾವುದೋ ನರ್ಸಿಂಗ್ ಹೋಮಿನಿಂದ ನೇರವಾಗಿ ಮಗು ಕೊಡಿಸುತ್ತೇವೆ ಎನ್ನುವವರು ಎಲ್ಲ ಊರಿನಲ್ಲೂ ಇದ್ದಾರೆ. ಅದು ದತ್ತು ಅಲ್ಲ, 81ನೇ ಕಲಮಿನ ಪ್ರಕಾರ ಐದು ವರ್ಷದವರೆಗೆ ಕಠಿಣ ಸೆರೆವಾಸಕ್ಕೆ ಗುರಿಪಡಿಸಬಲ್ಲ ಮಗುವಿನ ಮಾರಾಟ, ಮತ್ತು ಕೊಂಡವರೂ ಅಪರಾಧಿಗಳೇ.

ನನ್ನ ತಕರಾರು ಇರುವುದು ಬೇರೆ ಬಗೆಯ ತಡದ ಬಗ್ಗೆ. ಕಾಯ್ದೆಯ ಪ್ರಕಾರ ನೋಂದಣಿಯ ಅವಧಿ ಐದು ವರ್ಷ, ಆಮೇಲೆ ನವೀಕರಣ. ನಾವು ಸರದಿಯಲ್ಲಿದ್ದಾಗಲೇ ಈ ಸಂಸ್ಥೆಯ ನವೀಕರಣದ ಅರ್ಜಿ ಒಂದು ಕಚೇರಿಯಿಂದ ಹಿಂದಕ್ಕೆ ಬಂತು. ಅದರ ಜೊತೆಗಿದ್ದುದು ಮಾನದಂಡಗಳು ಪೂರೈಕೆಯಾಗಿಲ್ಲ ಎಂಬ ಒಂದೇ ಸಾಲು. ಯಾವ ಮಾನದಂಡ, ಯಾವ ದಿನದ ತಪಾಸಣೆಯಲ್ಲಿ ಕಂಡದ್ದು, ಸರಿಪಡಿಸಲು ಎಷ್ಟು ದಿನ ಎಂಬುದೇನೂ ಇರಲಿಲ್ಲ. ತಪಾಸಣಾ ವರದಿಯ ಪ್ರತಿಯನ್ನೂ ಕೊಡಲಿಲ್ಲ. ಸಂಸ್ಥೆಯವರು ಮತ್ತೆ ಮತ್ತೆ ಲಿಖಿತವಾಗಿ ಕೇಳಿದ ಮೇಲೆ ಹೊರಬಿದ್ದ ಕಾರಣ ಅಗ್ನಿಶಾಮಕ ಇಲಾಖೆಯ ಪತ್ರದ ಅವಧಿ ಮುಗಿದಿದೆ ಎಂಬುದು. ಅದು ಸಣ್ಣ ಕೊರತೆಯೆಂದು ನಾನು ಹೇಳುವುದಿಲ್ಲ, ಎಳೆಯ ಕೂಸುಗಳು ಮಲಗುವ ಕಟ್ಟಡದಲ್ಲಿ ಅದನ್ನು ಕೇಳಲೇಬೇಕು. ಆದರೆ ಮೊದಲ ದಿನವೇ ಹೇಳಿದ್ದರೆ ಮೊದಲ ವಾರದಲ್ಲೇ ಮುಗಿಯುತ್ತಿದ್ದ ಕೆಲಸಕ್ಕೆ ತಿಂಗಳುಗಳು ಹಿಡಿದವು, ಮತ್ತು ಆ ತಿಂಗಳುಗಳಲ್ಲಿ ಅಲ್ಲಿಯ ಮಕ್ಕಳಿಗೆ ಹೊಸ ಕುಟುಂಬಗಳ ಹೊಂದಾಣಿಕೆ ನಿಂತಿತ್ತು ಎಂದು ನಮಗೆ ತಿಳಿಸಲಾಯಿತು.

ನಷ್ಟ ಯಾರಿಗಾಯಿತು ಎಂದು ಕೇಳಿದರೆ ಉತ್ತರ ಸ್ಪಷ್ಟ. ದತ್ತು ಪಡೆಯುವವರಲ್ಲಿ ಹೆಚ್ಚಿನವರು ಬಯಸುವುದು ಎರಡು ವರ್ಷದೊಳಗಿನ ಮಗುವನ್ನು. ಫೈಲು ಮೇಜಿನ ಮೇಲಿರುವಾಗ ಮಗುವಿನ ವಯಸ್ಸು ನಿಲ್ಲುವುದಿಲ್ಲ, ಅದರ ಜೊತೆಗೆ ಮನೆ ಸಿಗುವ ಸಾಧ್ಯತೆಯೂ ಕಡಿಮೆಯಾಗುತ್ತಾ ಹೋಗುತ್ತದೆ. ಹೀಗಾಗಿ ಸಂಸ್ಥೆಗೆ ನ್ಯಾಯಯುತವಾದ ವಿಚಾರಣೆ ಕೊಡುವುದು ಸಂಸ್ಥೆಗೆ ಮಾಡುವ ಉಪಕಾರವೆಂದು ತಿಳಿಯಬಾರದು. ಅದು ಮಗುವಿನ ಹಕ್ಕಿನ ಭಾಗ. ಕಾಯ್ದೆಯ 3ನೇ ಕಲಮಿನ ತತ್ತ್ವಗಳಲ್ಲಿ ಮಗುವಿನ ಸರ್ವೋತ್ತಮ ಹಿತವೂ ಇದೆ, ಸಹಜ ನ್ಯಾಯವೂ ಇದೆ. ಎರಡನೆಯದು ನ್ಯಾಯಿಕ ಅಧಿಕಾರ ಚಲಾಯಿಸುವವರನ್ನು ಉದ್ದೇಶಿಸಿದೆಯೆಂದು ವಾದಿಸಬಹುದು. ಆದರೂ ಪರವಾನಗಿ ತಡೆಹಿಡಿಯುವ ಅಧಿಕಾರಿಗೆ ಕಾರಣ ಬರೆಯುವ, ಎದುರಿನವರ ಮಾತು ಕೇಳುವ ಹೊಣೆ ಇಲ್ಲವೆಂದು ಯಾರು ತಾನೇ ಹೇಳಿಯಾರು?

ಬಿಗಿ ತಪಾಸಣೆ ಬೇಡವೆಂದು ಇದರ ಅರ್ಥವಲ್ಲ. ವಿದೇಶಿ ದತ್ತುಗಳ ಹೆಸರಿನಲ್ಲಿ ನಡೆಯುತ್ತಿದ್ದ ಅನ್ಯಾಯದ ಬಗ್ಗೆ ವಕೀಲ ಲಕ್ಷ್ಮೀಕಾಂತ ಪಾಂಡೆಯವರು ಬರೆದ ಪತ್ರವನ್ನೇ ಅರ್ಜಿಯಾಗಿ ಸ್ವೀಕರಿಸಿ, 1984ರಲ್ಲಿ ಸುಪ್ರೀಂ ಕೋರ್ಟು ಸಂಸ್ಥೆಗಳಿಗೆ ಮಾನ್ಯತೆ ಕಡ್ಡಾಯವೆಂದು ವಿಧಿಸಿದ ತೀರ್ಪಿನಿಂದಲೇ ಇಂದಿನ ವ್ಯವಸ್ಥೆ ಬೆಳೆದಿದೆ. ಮಕ್ಕಳ ದಾಖಲೆ ತಿದ್ದಿದ, ಹಣ ಪಡೆದ ಸಂಸ್ಥೆಯನ್ನು ಒಂದು ದಿನವೂ ನಡೆಯಗೊಡಬಾರದು. ಅಂಥಲ್ಲಿ ಮಕ್ಕಳನ್ನು ಮೊದಲು ಸುರಕ್ಷಿತ ಸ್ಥಳಕ್ಕೆ ಸಾಗಿಸಿ, ವಿಚಾರಣೆಯನ್ನು ಆಮೇಲೆ ನಡೆಸಿದರೂ ನಾನು ಆಕ್ಷೇಪಿಸುವುದಿಲ್ಲ. 54ನೇ ಕಲಮಿನಂತೆ ಪರಿವೀಕ್ಷಣಾ ಸಮಿತಿ ಮೂರು ತಿಂಗಳಿಗೊಮ್ಮೆಯಾದರೂ ಭೇಟಿ ಕೊಟ್ಟು, ಒಂದು ವಾರದಲ್ಲಿ ವರದಿ ಒಪ್ಪಿಸಬೇಕು, ಅದರ ಮೇಲೆ ಒಂದು ತಿಂಗಳಲ್ಲಿ ಕ್ರಮವಾಗಬೇಕು. ಇದನ್ನು ಪಾಲಿಸಿದರೆ ಕೊರತೆಗಳು ಐದನೆಯ ವರ್ಷದ ಕೊನೆಗೆ ಒಮ್ಮೆಲೇ ಎದ್ದುಬರುವ ಪ್ರಸಂಗವೇ ಇರುವುದಿಲ್ಲ. ವರದಿಯ ಪ್ರತಿ ಸಂಸ್ಥೆಗೆ ಸಿಗಲಿ, ಕೊರತೆಯನ್ನು ಹೆಸರಿಸಿ ಗಡುವು ಕೊಡಲಿ, ಆ ಅವಧಿಯಲ್ಲಿ ಮಕ್ಕಳ ಹೊಂದಾಣಿಕೆ ಇನ್ನೊಂದು ಮಾನ್ಯ ಸಂಸ್ಥೆಯ ಮೂಲಕವಾದರೂ ಮುಂದುವರಿಯಲಿ ಎಂಬುದಷ್ಟೇ ನನ್ನ ಕೋರಿಕೆ.

ನವೀಕರಣವಾದ ಮೇಲಿನದೆಲ್ಲ ಸರಾಗವಾಗಿ ಸಾಗಿತು. 2022ರ ಸೆಪ್ಟೆಂಬರ್‌ನಿಂದ ದತ್ತು ಆದೇಶವನ್ನು ನ್ಯಾಯಾಲಯದ ಬದಲು ಜಿಲ್ಲಾಧಿಕಾರಿಗಳು ಹೊರಡಿಸುತ್ತಾರೆ. ವಿಚಾರಣೆ ಗೋಪ್ಯವಾಗಿಯೇ ನಡೆಯುತ್ತದೆ. ಮಗು ಬಂದ ಮೇಲೆ ಎರಡು ವರ್ಷಗಳವರೆಗೆ ಆರು ತಿಂಗಳಿಗೊಮ್ಮೆ ಸಂಸ್ಥೆಯವರು ಮನೆಗೆ ಬರುತ್ತಾರೆ, ಬಂದಾಗಲೆಲ್ಲ ಲಸಿಕೆ ಕಾರ್ಡು ನೋಡಿ, ಮಗುವಿನ ತೂಕ ಕೇಳಿ, ಅದರ ಜೊತೆ ಒಂದಷ್ಟು ಹೊತ್ತು ಆಡಿಯೇ ಹೋಗುತ್ತಾರೆ. ಆಸಕ್ತರು ಮೊದಲು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ ವಿಚಾರಿಸಬೇಕು. ಕೇಂದ್ರ ಸರ್ಕಾರದ ದತ್ತು ಪೋರ್ಟಲ್‌ನಲ್ಲಿ ನೋಂದಾಯಿಸಲು ಅಲ್ಲಿ ನೆರವು ಸಿಗುತ್ತದೆ. ಪ್ಯಾನ್ ಕಾರ್ಡು, ಮದುವೆ ಪ್ರಮಾಣಪತ್ರ, ಆದಾಯದ ದಾಖಲೆ ಮತ್ತು ವೈದ್ಯರ ಪ್ರಮಾಣಪತ್ರವನ್ನು ಮೊದಲೇ ಸಿದ್ಧ ಮಾಡಿಕೊಳ್ಳಿ, ಮನೆಯ ಹಿರಿಯರೊಡನೆ ಆಸ್ತಿಯ ಮಾತನ್ನೂ ಗೃಹ ಅಧ್ಯಯನಕ್ಕೆ ಮುಂಚೆಯೇ ಆಡಿ ಮುಗಿಸಿ.