ಎಂಜಿನ್‌ಎಕ್ಸ್ ಪ್ಯಾಕೇಜಿನಲ್ಲಿ ಐಚ್ಛಿಕ ಮಾಡ್ಯೂಲ್‌ಗಳು: ಮೂರು ವಿಧಾನಗಳ ಹೋಲಿಕೆ

ಡೆಬಿಯನ್ ಲಿನಕ್ಸ್ ಆಧಾರಿತ ಯಂತ್ರಗಳಿಗಾಗಿ ಎಂಜಿನ್‌ಎಕ್ಸ್ ವೆಬ್ ಸರ್ವರನ್ನು ನಾನೇ ಪ್ಯಾಕೇಜ್ ಮಾಡಬೇಕಾಗಿ ಬಂದಾಗ, ಬ್ರಾಟ್ಲಿ (ಪುಟಗಳನ್ನು ಕುಗ್ಗಿಸಿ ಕಳುಹಿಸಲು), ಹೆಡರ್ಸ್-ಮೋರ್ (ಹೆಡರುಗಳನ್ನು ಬದಲಿಸಲು), ಇಮೇಜ್ ಫಿಲ್ಟರ್ (ಚಿತ್ರಗಳ ಗಾತ್ರ ಬದಲಿಸಲು), ಸ್ಟ್ರೀಮ್ (ಟಿಸಿಪಿ, ಯುಡಿಪಿ ಸಂಪರ್ಕಗಳನ್ನು ದಾಟಿಸಲು) ಎಂಬ ನಾಲ್ಕು ಐಚ್ಛಿಕ ಮಾಡ್ಯೂಲ್‌ಗಳನ್ನು ಎಲ್ಲಿಡಬೇಕೆಂಬುದೇ ಮೊದಲ ಪ್ರಶ್ನೆಯಾಯಿತು. ಎಲ್ಲವನ್ನೂ ಒಂದೇ ಬೈನರಿಯೊಳಗೆ (ಕಂಪೈಲ್ ಆಗಿ ಸಿದ್ಧವಾದ ಕಡತದೊಳಗೆ) ಸೇರಿಸುವುದು, ಹಗುರ ಮತ್ತು ಪೂರ್ಣ ಎಂಬಂತೆ ಹಲವು ಬಗೆಯ ಬೈನರಿಗಳನ್ನು ಕಟ್ಟುವುದು, ಪ್ರತಿ ಮಾಡ್ಯೂಲಿಗೂ ಪ್ರತ್ಯೇಕ ಪ್ಯಾಕೇಜ್ ಮಾಡುವುದು: ಈ ಮೂರನ್ನೂ ಅದೇ ನಾಲ್ಕು ಮಾಡ್ಯೂಲ್‌ಗಳೊಂದಿಗೆ ಒಂದಾದ ಮೇಲೊಂದರಂತೆ ಪ್ರಯೋಗಿಸಿದೆ.

ಮೊದಲನೆಯದು ಅತ್ಯಂತ ಸರಳ. ಮಾಡ್ಯೂಲೂ ಸರ್ವರೂ ಒಟ್ಟಿಗೇ ಕಂಪೈಲ್ ಆಗುವುದರಿಂದ ಅವುಗಳ ನಡುವೆ ಹೊಂದಾಣಿಕೆಯ ಪ್ರಶ್ನೆಯೇ ಏಳುವುದಿಲ್ಲ. ಆದರೆ ಸಿದ್ಧವಾದ ಬೈನರಿಯನ್ನು, ಅದಕ್ಕೆ ಬೇಕಾದ ಲೈಬ್ರರಿಗಳನ್ನು ಪಟ್ಟಿ ಮಾಡುವ ಎಲ್‌ಡಿಡಿ ಆದೇಶದಿಂದ ನೋಡಿದಾಗ ನನಗೆ ಇರಿಸುಮುರಿಸಾಯಿತು. ಇಮೇಜ್ ಫಿಲ್ಟರಿಗೆ ಚಿತ್ರಗಳನ್ನು ಸಂಸ್ಕರಿಸುವ ಜಿಡಿ ಲೈಬ್ರರಿ ಬೇಕು. ಅದರ ಬೆನ್ನಿಗೆ ಫಾಂಟ್ ಹುಡುಕುವ ಲೈಬ್ರರಿ, ಟಿಫ್ ಚಿತ್ರಗಳ ಲೈಬ್ರರಿ, ಕೊನೆಗೆ ಎಕ್ಸ್ ವಿಂಡೋ ವ್ಯವಸ್ಥೆಯ ಲೈಬ್ರರಿಗಳೂ ಪಟ್ಟಿಯಲ್ಲಿ ಬಂದು ಕುಳಿತಿದ್ದವು. ಬೇರೆ ಸರ್ವರುಗಳಿಗೆ ಕೋರಿಕೆಗಳನ್ನು ದಾಟಿಸುವುದಷ್ಟೇ ಕೆಲಸವಾಗಿರುವ, ಪರದೆಯೇ ಇಲ್ಲದ ಯಂತ್ರಕ್ಕೆ ಇವೆಲ್ಲ ಏತಕ್ಕೆ? ಅಲ್ಲದೆ ಒಂದು ಸಣ್ಣ ಮಾಡ್ಯೂಲಿನಲ್ಲಿ ಭದ್ರತಾ ದೋಷ ಕಂಡುಬಂದರೂ ಇಡೀ ಸರ್ವರನ್ನು ಮತ್ತೆ ಕಟ್ಟಿ ಎಲ್ಲೆಡೆ ಹಂಚಬೇಕಾಗುತ್ತದೆ.

ಎರಡನೆಯದು ಡೆಬಿಯನ್ ಬಹುಕಾಲ ಅನುಸರಿಸಿದ ಲೈಟ್, ಫುಲ್, ಎಕ್ಸ್‌ಟ್ರಾಸ್ ಎಂಬ ವಿಂಗಡಣೆಯ ಮಾದರಿ. ಬಳಕೆದಾರನಿಗೆ ಆಯ್ಕೆ ಸುಲಭ, ಆದರೆ ಒಂದೇ ಮಾಡ್ಯೂಲ್ ಬೇಕಾದವನೂ ಇಡೀ ಎಕ್ಸ್‌ಟ್ರಾಸ್ ಹೊರಬೇಕು. ನಾಲ್ಕು ಮಾಡ್ಯೂಲ್‌ಗಳಿಗೇ 16 ಸಂಯೋಜನೆಗಳು ಸಾಧ್ಯವಿರುವಾಗ ಯಾವ ಮೂರನ್ನು ಆರಿಸಿದರೂ ಯಾರಿಗೋ ಕೊರತೆ, ಯಾರಿಗೋ ಹೊರೆ. ಒಂದೇ ಮೂಲವನ್ನು ಮೂರು ಬಾರಿ ಕಂಪೈಲ್ ಮಾಡಿಯೂ ಸಿಕ್ಕ ಲಾಭ ಅತ್ಯಲ್ಪವಾದ್ದರಿಂದ ಇದನ್ನು ಬೇಗನೆ ಕೈಬಿಟ್ಟೆ.

ಮೂರನೆಯ ವಿಧಾನ 2016ರಲ್ಲಿ ಬಂದ 1.9.11ನೇ ಆವೃತ್ತಿಯಿಂದ ಸಾಧ್ಯವಾಯಿತು. ಅಂದಿನಿಂದ ಮಾಡ್ಯೂಲನ್ನು ಪ್ರತ್ಯೇಕ ಕಡತವಾಗಿ ಕಟ್ಟಿ, ಲೋಡ್‌-ಮಾಡ್ಯೂಲ್ ನಿರ್ದೇಶನದ ಮೂಲಕ ಸರ್ವರ್ ಶುರುವಾಗುವಾಗ ಸೇರಿಸಬಹುದು. ಎಲ್ಲವೂ ಹೀಗೆ ಬೇರ್ಪಡುವುದಿಲ್ಲ. ಎಸ್‌ಎಸ್‌ಎಲ್ ಮಾಡ್ಯೂಲ್ ಇಂದಿಗೂ ಬೈನರಿಯ ಒಳಗೇ ಇರಬೇಕು. ನನ್ನ ನಾಲ್ಕೂ ಬೇರ್ಪಟ್ಟವು, ಮತ್ತು ಜಿಡಿಯ ಪರಿವಾರವೆಲ್ಲ ಇಮೇಜ್ ಫಿಲ್ಟರ್ ಪ್ಯಾಕೇಜಿನ ಅವಲಂಬನೆಯಾಗಿ ಮಾತ್ರ ಉಳಿದು ಮುಖ್ಯ ಪ್ಯಾಕೇಜ್ ಹಗುರಾಯಿತು.

ಆದರೆ ನಾನು ಎಡವಿದ್ದೂ ಇಲ್ಲಿಯೇ. 1.11.5ರಲ್ಲಿ ಬಂದ ವಿತ್‌-ಕಂಪ್ಯಾಟ್ ಆಯ್ಕೆಯನ್ನು ಬಳಸಿದರೆ ಯಾವ ಮಾಡ್ಯೂಲ್ ಯಾವ ಸರ್ವರಿಗಾದರೂ ಹೊಂದುತ್ತದೆಂದು ತಪ್ಪಾಗಿ ತಿಳಿದಿದ್ದೆ. ಆ ಆಯ್ಕೆ ಕಾನ್ಫಿಗರ್ ಹಂತದ (ಕಂಪೈಲಿಗೆ ಮುನ್ನ ಆಯ್ಕೆಗಳನ್ನು ನಿಗದಿ ಮಾಡುವ ಹಂತದ) ವ್ಯತ್ಯಾಸಗಳನ್ನು ಸಹಿಸಿಕೊಳ್ಳುತ್ತದೆಯೇ ಹೊರತು ಆವೃತ್ತಿಯ ವ್ಯತ್ಯಾಸವನ್ನಲ್ಲ. ಸರ್ವರನ್ನು 1.18.0ರಿಂದ 1.20.0ಕ್ಕೆ ಏರಿಸಿ, ಬ್ರಾಟ್ಲಿ ಪ್ಯಾಕೇಜನ್ನು ಹಾಗೆಯೇ ಬಿಟ್ಟು ಮರುಪ್ರಾರಂಭಿಸಿದಾಗ, ಮಾಡ್ಯೂಲಿನ ಆವೃತ್ತಿ 1020000 ಆಗಿರಬೇಕಾದಲ್ಲಿ 1018000 ಇದೆ ಎಂಬ ಒಂದೇ ಸಾಲಿನ ದೂರು ದಾಖಲಾಗಿ ಸರ್ವರ್ ಏಳಲೇ ಇಲ್ಲ. ಮರುಪ್ರಾರಂಭಿಸುವ ಮೊದಲು ಪರೀಕ್ಷಾ ಆದೇಶವನ್ನಾದರೂ ಕೊಟ್ಟಿದ್ದರೆ ತಪ್ಪು ಅಲ್ಲೇ ಸಿಗುತ್ತಿತ್ತು. ಈಗ ಡೆಬಿಯನ್ ಮತ್ತು ಫೆಡೋರಾ ಪ್ಯಾಕೇಜುಗಳ ರೀತಿಯಲ್ಲಿಯೇ, ಮುಖ್ಯ ಪ್ಯಾಕೇಜ್ ತನ್ನ ಎಬಿಐ (ಕಂಪೈಲ್ ಆದ ಭಾಗಗಳು ಪರಸ್ಪರ ಹೊಂದುವ ಒಪ್ಪಂದ) ಹೆಸರನ್ನು ಆವೃತ್ತಿಸಹಿತ ಘೋಷಿಸುತ್ತದೆ, ಪ್ರತಿ ಮಾಡ್ಯೂಲ್ ಅದನ್ನೇ ಬೇಡುತ್ತದೆ. ಹೊಂದದ ಜೋಡಿಯನ್ನು ಪ್ಯಾಕೇಜ್ ವ್ಯವಸ್ಥೆಯೇ ತಡೆಯುತ್ತದೆ.

ಜೆಂಟೂ ಎಂಬ ಲಿನಕ್ಸ್ ವಿತರಣೆ ಮಾಡುವಂತೆ ಪ್ರತಿ ಯಂತ್ರದಲ್ಲೂ ಬೇಕಾದ್ದನ್ನಷ್ಟೇ ಆರಿಸಿ ಕಂಪೈಲ್ ಮಾಡುವ ಮಾರ್ಗವೂ ಇದೆ. ಹೊಂದಾಣಿಕೆಯ ದೃಷ್ಟಿಯಿಂದ ಅದೇ ಅತ್ಯಂತ ಶುದ್ಧ, ಆದರೆ ಸರ್ವರ್ ಯಂತ್ರಗಳಲ್ಲಿ ಕಂಪೈಲರ್ ಇಡಲು ನನಗೆ ಮನಸ್ಸಿಲ್ಲ.

ಕೊನೆಗೆ ಮೂರನೆಯದನ್ನೇ ಉಳಿಸಿಕೊಂಡಿದ್ದೇನೆ, ಒಂದು ತಿದ್ದುಪಡಿಯೊಂದಿಗೆ. ಹೆಡರ್ಸ್-ಮೋರ್ ಮಾಡ್ಯೂಲಿಗೆ ಹೊರಗಿನ ಯಾವ ಲೈಬ್ರರಿಯೂ ಬೇಡ, ನನ್ನ ಎಲ್ಲ ಯಂತ್ರಗಳೂ ಅದನ್ನು ಬಳಸುತ್ತವೆ; ಹಾಗಾಗಿ ಅದೊಂದನ್ನು ಮುಖ್ಯ ಬೈನರಿಯೊಳಗೇ ಸೇರಿಸಿ, ಅದರ ಮೂಲದ ಕಡತಕೋಶದ ಹೆಸರಿನಲ್ಲಿ ಆವೃತ್ತಿಯನ್ನೂ ಬರೆದಿದ್ದೇನೆ. ಸರ್ವರಿನ ಆದೇಶಕ್ಕೆ ದೊಡ್ಡಕ್ಷರದ ವಿ ಆಯ್ಕೆ ಕೊಟ್ಟರೆ ಕಾನ್ಫಿಗರ್ ಸಾಲಿನಲ್ಲಿ ಆ ಸಂಖ್ಯೆ ನೇರವಾಗಿ ಕಾಣಿಸುತ್ತದೆ.